ಎಣ್ಣೆ ಇಳಿಯುವವರೆಗೆ

ನನ್ನ ಅಕ್ಕ ಕೂತದ್ದನ್ನು ಕಂಡವರು ಕಡಿಮೆ. ಊಟವನ್ನೂ ಒಲೆಯ ಪಕ್ಕದಲ್ಲಿ ನಿಂತೇ ಮುಗಿಸುವ ಹೆಂಗಸು ಅವಳು. ಚಿಕ್ಕಂದಿನಲ್ಲಿ ಅಮ್ಮ ಅವಳನ್ನು ಬುಗುರಿ ಎಂದು ಕರೆಯುತ್ತಿದ್ದಳು. ಈಗ ತಲೆ ಅರ್ಧ ನರೆತಿದೆ, ಬುಗುರಿ ಮಾತ್ರ ನಿಂತಿಲ್ಲ. ನಾನು ದರ್ಜಿ, ಕೂತು ಮಾಡುವ ಕೆಲಸ ನನ್ನದು. ಅವಳ ಮನೆಯ ಮುಂದಿನ ಕೋಣೆಯಲ್ಲೇ ನನ್ನ ಹೊಲಿಗೆ ಯಂತ್ರ. ಕಿಟಕಿಯಾಚೆ ಅಂಗಳ, ಅಂಗಳದಲ್ಲಿ ಗಾಡಿ. ಹಾಗಾಗಿ ಅವಳ ಓಡಾಟವನ್ನೆಲ್ಲ ನೋಡುವ ಶಿಕ್ಷೆ ದಿನವಿಡೀ ನನ್ನದೇ.

ಗಾಡಿ ಭಾವನದು. ಆಸ್ಪತ್ರೆಯ ಕೊಳೆ ಬಟ್ಟೆಯ ಗಂಟುಗಳನ್ನು ಲಾಂಡ್ರಿಗೆ ಸಾಗಿಸಿ, ಒಗೆದು ಇಸ್ತ್ರಿ ಮಾಡಿದ್ದನ್ನು ವಾಪಸು ಮುಟ್ಟಿಸುವ ಹಳೇ ಡೀಸೆಲ್ ವ್ಯಾನು. ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಟರ್ಬೊ ಇರುವಂಥದ್ದು. ಕಿಲೋಮೀಟರ್ ಎಣಿಸುವ ಮೀಟರು ಎಂದೋ ಸುಸ್ತಾಗಿ ನಿಂತಿತ್ತು, ಎಂಜಿನ್ ನಿಂತಿರಲಿಲ್ಲ. ಅದಕ್ಕೆ ಕಾರಣ ಭಾವನ ನಿಧಾನ. ಬೆಳಿಗ್ಗೆ ಚಾಲೂ ಮಾಡಿದ ಕೂಡಲೇ ಹೊರಡುತ್ತಿರಲಿಲ್ಲ, ಎಂಜಿನ್ ಎಣ್ಣೆ ಟರ್ಬೊ ತನಕ ಏರಲಿ ಎಂದು ಕಾಯುತ್ತಿದ್ದರು. ಸಂಜೆ ಬಂದ ಕೂಡಲೇ ಆರಿಸುತ್ತಿರಲಿಲ್ಲ, ಟರ್ಬೊ ತಣ್ಣಗಾಗಲಿ ಎಂದು ಕಾಯುತ್ತಿದ್ದರು. ಆರಿಸಿದ ಮೇಲೂ ಕಾದು, ಆಮೇಲೆಯೇ ಅಳತೆಯ ಕಡ್ಡಿ ಅದ್ದಿ ಎಣ್ಣೆ ಎಷ್ಟಿದೆ ಎಂದು ನೋಡುತ್ತಿದ್ದರು. ಇಂಥ ಮನುಷ್ಯನಿಗೆ ನನ್ನ ಅಕ್ಕನನ್ನು ಗಂಟು ಹಾಕಿದವರು ಯಾರೋ ತಮಾಷೆಗಾರರೇ ಇರಬೇಕು.

ಹೋದ ವರ್ಷ ಭಾವನಿಗೆ ಲಕ್ವ ಹೊಡೆಯಿತು. ಎಡಗೈ, ಎಡಗಾಲು ಎರಡೂ ಸೋತವು. ಮಾತು ತೊದಲಿದರೂ ಉಳಿಯಿತು. ಅವರು ಆಸ್ಪತ್ರೆಯಿಂದ ಮನೆಗೆ ಬಂದ ಮರುದಿನವೇ ಅಕ್ಕ ಗಾಡಿಯ ಕೀಲಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಓಡಿಸುವುದು ಅವಳಿಗೆ ಗೊತ್ತಿತ್ತು. ಲಾಂಡ್ರಿಯವರು ತಕರಾರು ಮಾಡಲಿಲ್ಲ.

"ನಾಲ್ಕು ದಿನ ನಾನು ಓಡಿಸ್ತೀನಿ. ಅವರು ಎದ್ದು ಬಂದಾಗ ಗಾಡಿ ಅವರು ಬಿಟ್ಟ ಹಾಗೇ ಇರ್ಬೇಕು, ಅಷ್ಟೇ," ಎಂದಳು.

ಬಿಟ್ಟ ಹಾಗೆಯೇ ಎಂದರೆ ಕೂದಲಷ್ಟೂ ವ್ಯತ್ಯಾಸವಿಲ್ಲದೆ. ಭಾವ ಉದ್ದನೆಯ ಆಳು, ಸೀಟು ಅವರ ಕಾಲಿಗೆ ತಕ್ಕಂತೆ ಪೂರ್ತಿ ಹಿಂದಿತ್ತು. ಅಕ್ಕ ಗಿಡ್ಡಿ. ಸೀಟಿನ ಕೆಳಗಿನ ಸರಳೊಂದನ್ನು ಎತ್ತಿ ಮುಂದೆ ಎಳೆದುಕೊಂಡಿದ್ದರೆ ಮುಗಿಯುತ್ತಿತ್ತು. ಅದನ್ನು ಮಾಡದೆ, ಹಾಸಿಗೆಯ ಎರಡೂ ದಿಂಬು ತಂದು ಬೆನ್ನಿಗೆ ಒಟ್ಟಿಕೊಂಡಳು. ಅಲ್ಲಿಂದ ದಿಂಬುಗಳು ಗಾಡಿಯಲ್ಲೇ ಉಳಿದವು. ಭಾವ ಕಂಬಳಿ ಮಡಿಸಿ ತಲೆಗಿಟ್ಟುಕೊಂಡು ಮಲಗತೊಡಗಿದರು.

"ಅಕ್ಕ, ಎರಡು ಹೊಸ ದಿಂಬು ಹೊಲ್ಕೊಡ್ತೀನಿ, ಅರ್ಧ ದಿನದ ಕೆಲಸ," ಎಂದೆ.

"ನಾಲ್ಕು ದಿನಕ್ಕೆ ಹೊಸ ದಿಂಬು ಯಾಕೋ? ನಿನಗೆ ಕೆಲಸ ಇಲ್ವಾ?"

ಆ ನಾಲ್ಕು ದಿನ ಒಂದು ವರ್ಷವಾಗಿತ್ತು. ನನಗೆ ಸಿಟ್ಟು ಬರುತ್ತಿತ್ತು. ಸಿಟ್ಟಿನ ತಳದಲ್ಲಿ ಸಂಕಟವೂ ಇತ್ತು, ಸುಳ್ಳೇಕೆ ಹೇಳಲಿ.

ಅವಳ ದಿನವೆಂದರೆ ಹೀಗೆ. ಗಾಡಿ ಅಂಗಳಕ್ಕೆ ನುಗ್ಗುತ್ತದೆ. ಎಂಜಿನ್ ಓಡುತ್ತಿರುವಾಗಲೇ ಇಳಿದು ಗಂಟುಗಳ ಹಗ್ಗ ಬಿಗಿ ಮಾಡುತ್ತಾಳೆ, ಟೈರು ಒದ್ದು ನೋಡುತ್ತಾಳೆ, ಗಾಜು ಒರೆಸುತ್ತಾಳೆ. ಟರ್ಬೊ ತಣಿಯುವ ಹೊತ್ತನ್ನು ಹೀಗೆ ಹೇಗೋ ತುಂಬಿಸುತ್ತಾಳೆ. ಆಮೇಲೆ ಆರಿಸಿ, ಅದೇ ಉಸಿರಿಗೆ ಬಾನೆಟ್ ಎತ್ತಿ ಕಡ್ಡಿ ಎಳೆಯುತ್ತಾಳೆ. ಒಳಗೆ ಭಾವನ ಕೈಕಾಲು ಎತ್ತಿ ಇಳಿಸುವ ವ್ಯಾಯಾಮದ ಹೊತ್ತಾಗಿರುತ್ತದೆ. ಒಂದು ದಿನ ತಪ್ಪಿದರೆ ಅವರು ಗಾಡಿ ಹತ್ತುವುದು ಒಂದು ದಿನ ಮುಂದೆ ಹೋಗುತ್ತದೆ ಎಂಬುದು ಅವಳ ಲೆಕ್ಕ. ಇಷ್ಟೆಲ್ಲ ಇರುವಾಗ ಎಣ್ಣೆಗಾಗಿ ಯಾರು ಕಾಯುತ್ತಾರೆ?

ಅವಳು ಮಾಡಿಕೊಂಡ ಎಡವಟ್ಟು ಅಲ್ಲೇ ಇತ್ತು. ಆಗಷ್ಟೇ ನಿಂತ ಎಂಜಿನ್ನಿನಲ್ಲಿ ಎಣ್ಣೆ ಇನ್ನೂ ಮೇಲೆಲ್ಲ ಅಂಟಿಕೊಂಡಿರುತ್ತದೆ, ತಳಕ್ಕೆ ಇಳಿದಿರುವುದಿಲ್ಲ. ಆಗ ಕಡ್ಡಿ ಅದ್ದಿದರೆ ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ. ಅಕ್ಕ ಕಡ್ಡಿ ನೋಡಿ ಗಾಬರಿಯಾಗುತ್ತಿದ್ದಳು. ಡಬ್ಬ ತಂದು ಸ್ವಲ್ಪ ಸುರಿಯುತ್ತಿದ್ದಳು. ಎರಡು ದಿನ ಬಿಟ್ಟು ಮತ್ತೆ ಅದೇ ಗಾಬರಿ, ಮತ್ತೆ ಅದೇ ಡಬ್ಬ.

ಇದೆಲ್ಲ ನನಗೆ ಆಮೇಲೆ ತಿಳಿದದ್ದು. ಆಗ ನನ್ನ ಕಣ್ಣಿಗೆ ಬಿದ್ದದ್ದು ಹೊಗೆ ಮಾತ್ರ. ಚಾಲೂ ಮಾಡಿದಾಗ ಹಿಂದಿನಿಂದ ನೀಲಿ ಹೊಗೆ ಬರತೊಡಗಿತು. ಭಾವ ಕಿಟಕಿಯ ಬಳಿಯ ಕುರ್ಚಿಯಿಂದ ನೋಡಿ ಹುಬ್ಬು ಗಂಟಿಕ್ಕಿದರು.

"ಎಣ್ಣೆ... ಎಷ್ಟಿದೆ?"

"ಕುಡೀತಾ ಇದೆ ರೀ, ಹಾಕ್ತಾ ಇದೀನಿ. ನೀವು ಕೈ ಎತ್ತಿ, ಇನ್ನೂ ಮೇಲೆ."

"ಇಳಿಯೋವರೆಗೂ... ಕಾಯ್ತೀಯಾ?"

"ಎಲ್ಲಾ ಮಾಡ್ತೀನಿ. ಕಾಲು ಎತ್ತಿ ಈಗ."

ಭಾವ ಕಾಲು ಎತ್ತಿದರು. ಅಂದರೆ ಎತ್ತಲು ನೋಡಿದರು. ಗ್ಯಾರೇಜಿನ ಮೇಸ್ತ್ರಿಯಂತೂ ಹೊಗೆ ನೋಡಿ, ಗಾಡಿ ಎರಡು ದಿನ ಬಿಟ್ಟು ಹೋಗಿ ಎಂದಿದ್ದ. ಅಕ್ಕ ಅದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ಎರಡು ದಿನ ಗಾಡಿಯಿಲ್ಲದೆ ಮನೆಯಲ್ಲಿರುವುದೆಂದರೆ ಅವಳಿಗೆ ಮುಳ್ಳಿನ ಮೇಲೆ ಕೂತ ಹಾಗೆ. ರಾತ್ರಿ ನಿದ್ದೆಯಲ್ಲೂ ಅವಳ ಬಲಗಾಲು ಬ್ರೇಕ್ ಒತ್ತುತ್ತದೆ ಎಂದು ಭಾವ ಒಮ್ಮೆ ನನ್ನ ಹತ್ತಿರ ಹೇಳಿಕೊಂಡು ನಕ್ಕಿದ್ದರು.

ಒಂದು ಮಧ್ಯಾಹ್ನ ನಾನು ಯಾರದೋ ಪ್ಯಾಂಟಿನ ಸೊಂಟ ಬಿಚ್ಚುತ್ತಿದ್ದೆ. ಗಾಡಿ ಬಂತು. ಅಕ್ಕ ಎಂದಿನಂತೆ ಎಂಜಿನ್ ಓಡಲು ಬಿಟ್ಟು ಇಳಿದು ಹಗ್ಗಕ್ಕೆ ಕೈ ಹಾಕಿದ್ದಳು. ಎಂಜಿನ್ನಿನ ಸದ್ದು ತಾನಾಗಿಯೇ ಏರತೊಡಗಿತು. ಆಕ್ಸಿಲರೇಟರ್ ಮೇಲೆ ಯಾರ ಕಾಲೂ ಇರಲಿಲ್ಲ. ಗುರುಗುಟ್ಟುವುದು ಕೂಗಾಯಿತು, ಕೂಗು ಚೀರಾಟವಾಯಿತು. ನನ್ನ ಮೇಜಿನ ಮೇಲಿನ ಗುಂಡಿಗಳು ಕುಣಿದು ನೆಲಕ್ಕೆ ಬಿದ್ದವು. ಅಕ್ಕ ಓಡಿಹೋಗಿ ಕೀಲಿ ತಿರುಗಿಸಿದಳು, ಕಿತ್ತೇ ತೆಗೆದಳು. ಕೀಲಿ ಅವಳ ಕೈಯಲ್ಲಿತ್ತು, ಎಂಜಿನ್ ಓಡುತ್ತಲೇ ಇತ್ತು.

ನಾನು ಕೊರಳಲ್ಲಿ ಟೇಪಿನ ಸಮೇತ ಹೊರಗೆ ಓಡಿದೆ. ಅಂಗಳದ ತುಂಬ ಬಿಳಿ ನೀಲಿ ಹೊಗೆ. ಪಕ್ಕದ ಮನೆಯಾತ ಗೋಡೆಯಾಚೆಯಿಂದ ನೀರು ಹಾಕಿ, ನೀರು ಹಾಕಿ ಎಂದು ಕೂಗುತ್ತಿದ್ದ. ಅಕ್ಕ ಬಕೆಟ್ಟಿಗೆ ಓಡಿದಳು.

"ನೀರು ಬೇಡ."

ಭಾವ ಬಾಗಿಲಲ್ಲಿ ನಿಂತಿದ್ದರು. ಬಲಗೈಯಲ್ಲಿ ಕೋಲು, ಎಡಭುಜ ಚೌಕಟ್ಟಿಗೆ ಒರಗಿತ್ತು. ಕುರ್ಚಿಯಿಂದ ಅಲ್ಲಿಯವರೆಗೆ ಒಬ್ಬರೇ ಬಂದಿದ್ದರು. ಮುಖ ಬಿಳಿಚಿತ್ತು, ಆದರೆ ಮಾತು ಎಂದಿಗಿಂತ ಗಟ್ಟಿಯಾಗಿತ್ತು.

"ಎಣ್ಣೆ ಕುಡಿದು ಓಡ್ತಿದೆ. ಡೀಸೆಲ್ ಅಲ್ಲ. ಕೀಲಿಗೆ ನಿಲ್ಲಲ್ಲ. ಒಳಗೆ ಹತ್ತು."

ಹೆಚ್ಚಾದ ಎಣ್ಣೆ ಗಾಳಿಯ ಕೊಳವೆಗೆ ಉಕ್ಕಿ, ಎಂಜಿನ್ ಅದನ್ನೇ ಎಳೆದುಕೊಂಡು ಉರಿಸುತ್ತಿತ್ತು. ಡೀಸೆಲ್ ನಿಲ್ಲಿಸಿದರೇನು, ತನ್ನ ಹೊಟ್ಟೆಯೊಳಗಿನದನ್ನೇ ತಿಂದು ಓಡುತ್ತಿತ್ತು. ಹಾಗೇ ಬಿಟ್ಟರೆ ಒಡೆದು ಚೂರಾಗುವವರೆಗೂ ಓಡುತ್ತದೆ. ಅಕ್ಕ ಒಳಗೆ ಹತ್ತಿದಳು.

"ಕ್ಲಚ್ ಒತ್ತಿ ಕೊನೇ ಗೇರ್ ಹಾಕು. ಬ್ರೇಕ್ ಜೋರಾಗಿ ಒತ್ತು. ಆಮೇಲೆ ಕ್ಲಚ್ ಬಿಡು."

"ಎಂಜಿನ್ ಹೋಗುತ್ತೆ ರೀ."

"ಹೋಗ್ಲಿ."

ಅಕ್ಕ ಒತ್ತಿ ಬಿಟ್ಟಳು. ದಿಂಬುಗಳು ಬೆನ್ನ ಹಿಂದೆ ಕುಸಿದವು, ಬ್ರೇಕಿನ ಮೇಲಿನ ಕಾಲಿಗೆ ಬಲ ಸಾಲಲಿಲ್ಲ. ಗಾಡಿ ಒಮ್ಮೆ ನೆಗೆದು ಬಾಗಿಲ ಕಡೆಗೆ, ಭಾವನ ಕಡೆಗೇ ನುಗ್ಗಿತು. ಅವಳು ಮತ್ತೆ ಕ್ಲಚ್ ಒತ್ತಿ ಹೇಗೋ ನಿಲ್ಲಿಸಿದಳು. ಭಾವ ಇದ್ದಲ್ಲಿಂದ ಕದಲಲಿಲ್ಲ. ಕದಲಲು ಅವರಿಗೆ ಆಗುತ್ತಲೂ ಇರಲಿಲ್ಲ.

"ದಿಂಬು ಬಿಸಾಕು. ಸೀಟು ಮುಂದಕ್ಕೆ ಎಳ್ಕೋ."

ಅಕ್ಕ ಅವರನ್ನೇ ನೋಡಿದಳು. ಅಷ್ಟು ಹೊಗೆಯಲ್ಲೂ ಅವಳು ಇಲ್ಲವೆಂದು ತಲೆಯಾಡಿಸಿದ್ದು ನನಗೆ ಕಂಡಿತು.

"ಅದು ನಿಮ್ಮ ಸೀಟು."

"ಈ ಎಡಗಾಲಿಗೆ ಕ್ಲಚ್ ಬರಲ್ಲ ಕಣೇ," ಎಂದರು ಭಾವ. "ಇನ್ನು ಬರಲ್ಲ. ಎಳ್ಕೋ."

ಒಂದು ವರ್ಷದಿಂದ ಆ ಮನೆಯಲ್ಲಿ ಯಾರೂ ಆಡದ ಮಾತನ್ನು ಅವರೇ ಆಡಿಬಿಟ್ಟಿದ್ದರು, ಅದೂ ಕಿರುಚಿ. ಅಕ್ಕನ ಮುಖ ಆಗ ಹೇಗಿತ್ತೆಂದು ನನಗೆ ವರ್ಣಿಸಲು ಬಾರದು. ದಿಂಬುಗಳು ಒಂದಾದ ಮೇಲೊಂದು ಹೊರಗೆ ಬಿದ್ದವು. ಅವಳು ಬಗ್ಗಿ ಸರಳು ಎತ್ತಿದಳು. ವರ್ಷದಿಂದ ಅಲುಗದ ಸೀಟು ಕಿರ್ರೆಂದು ಮುಂದೆ ಸರಿಯಿತು. ಬೆನ್ನು ಗಟ್ಟಿಯಾಗಿ ಒರಗಿಸಿ, ಕಾಲಿನ ಪೂರ್ತಿ ಬಲ ಹಾಕಿ ಬ್ರೇಕ್ ಒತ್ತಿದಳು, ಕ್ಲಚ್ ಬಿಟ್ಟಳು. ಗಾಡಿ ನಖಶಿಖಾಂತ ನಡುಗಿತು, ಒಮ್ಮೆ ಕೆಮ್ಮಿತು, ನಿಂತುಹೋಯಿತು.

ಸುಟ್ಟ ಕ್ಲಚ್ಚಿನ ವಾಸನೆ ಉಳಿಯಿತು. ಪಕ್ಕದ ಮನೆಯಾತ ಇನ್ನೂ ನೀರು ನೀರು ಎನ್ನುತ್ತಿದ್ದ. ನಾನು ಅವನಿಗೆ, ನೀವೇ ಒಂದು ಲೋಟ ಕುಡೀರಿ ಎಂದೆ.

ಅಕ್ಕ ಇಳಿಯಲಿಲ್ಲ. ಸ್ವಲ್ಪ ಹೊತ್ತಿಗೆ ಅವಳ ಕೈ ಮತ್ತೆ ಸೀಟಿನ ಕೆಳಗೆ ಹೋಯಿತು, ಹಿಂದಕ್ಕೆ ತಳ್ಳಲು. ಅಷ್ಟರಲ್ಲಿ ನಾನು ಭಾವನನ್ನು ಹಿಡಿದುಕೊಂಡು ಗಾಡಿಯ ಬಳಿಗೆ ಕರೆತಂದಿದ್ದೆ. ಅವರು ಕೋಲನ್ನು ನನಗೆ ಕೊಟ್ಟು, ಬಲಗೈಯಿಂದ ಅವಳ ಕೈ ಹಿಡಿದರು.

"ಇರ್ಲಿ ಬಿಡು. ಗಾಡಿ ನಿಂದೇ ಇನ್ಮೇಲೆ."

"ಕಾಲು ಬರಲ್ಲ ಅಂತ ನಿಮಗೆ ಯಾವಾಗ ಗೊತ್ತಾಯ್ತು?"

"ಮೊದಲನೇ ತಿಂಗಳೇ. ಡಾಕ್ಟರು ಹೇಳಿದ್ರು. ನೀನು ಅಷ್ಟು ಓಡಾಡ್ತಿದ್ದೆ. ಹೇಗೆ ಹೇಳ್ಲಿ?"

ಅಕ್ಕ ಸ್ಟೀರಿಂಗಿಗೆ ಹಣೆ ಹಚ್ಚಿ ಅತ್ತಳು. ಲಕ್ವ ಹೊಡೆದ ದಿನವೂ ಅವಳು ಅತ್ತಿರಲಿಲ್ಲ, ಅಳಲು ಪುರುಸೊತ್ತು ಇರಲಿಲ್ಲ.

ಮೇಸ್ತ್ರಿ ಬಂದು ಕೆಳಗಿನ ಬೋಲ್ಟು ಬಿಚ್ಚಿದ. ಅಷ್ಟೊಂದು ಎಣ್ಣೆ ಉರಿದುಹೋದ ಮೇಲೂ ಬಕೆಟ್ ತುಂಬುತ್ತ ಬಂದಂತೆ ಅವನ ಬಾಯಿ ತೆರೆದುಕೊಳ್ಳುತ್ತಾ ಹೋಯಿತು.

"ಅಮ್ಮಾ, ಇದು ಎಂಜಿನ್ನೋ ಗಾಣಾನೋ?"

ಟರ್ಬೊ ಬದಲಾಯಿತು, ಕ್ಲಚ್ ಬದಲಾಯಿತು, ಕೊಳವೆಗಳನ್ನೆಲ್ಲ ತೊಳೆದ. ಎಂಜಿನ್ ಮಾತ್ರ ಬದುಕಿತ್ತು. ಹಳೇ ಕಾಲದ ಕಬ್ಬಿಣ, ಇವರ ಪ್ರೀತಿಯನ್ನೂ ತಡ್ಕೊಂಡಿದೆ ಎಂದು ನನ್ನ ಕಿವಿಯಲ್ಲಿ ಹೇಳಿ ಹೋದ. ನಾನು ದಿಂಬುಗಳ ಹತ್ತಿ ಬಿಸಿಲಿಗೆ ಹಾಕಿ, ಹೊಸ ಬಟ್ಟೆ ಹೊಲಿದು ಹಾಸಿಗೆ ಮೇಲಿಟ್ಟೆ. ಈ ಸಲ ಅಕ್ಕ ಅವನ್ನು ಗಾಡಿಗೆ ಒಯ್ಯಲಿಲ್ಲ.

ಈಗ ಗಾಡಿ ಬಂದು ಎಂಜಿನ್ ಆರಿದ ಮೇಲೆ ಭಾವ ಕೋಲೂರಿ ಬಂದು ಮೆಟ್ಟಿಲ ಮೇಲೆ ಕೂರುತ್ತಾರೆ. ಎಣ್ಣೆ ಇಳಿಯುವವರೆಗೆ ಬಾನೆಟ್ ಎತ್ತಕೂಡದು ಎಂಬುದು ಅವರ ಕಟ್ಟಪ್ಪಣೆ. ಅಕ್ಕ ಅವರ ಪಕ್ಕದಲ್ಲಿ ಕೂರುತ್ತಾಳೆ. ಕಾಲು ಕುಣಿಸುತ್ತಾಳೆ, ಸೆರಗು ಹಿಂಡುತ್ತಾಳೆ, ಬಾಗಿಲ ಕಡೆ ನೋಡುತ್ತಾಳೆ, ಆದರೂ ಕೂರುತ್ತಾಳೆ.

"ಇಳೀತೇನ್ರೀ?"

"ಇನ್ನೂ ಇಲ್ಲ."

ಮತ್ತಷ್ಟು ಹೊತ್ತು. ಅವಳ ಕಾಲಿನ ಕುಣಿತ ನಿಧಾನವಾಗುತ್ತದೆ. ಕೆಲವು ದಿನ ತಲೆ ಭಾವನ ಭುಜಕ್ಕೆ ತಗಲುವುದೂ ಉಂಟು.

"ಈಗ?"

"ಇನ್ನು ಸ್ವಲ್ಪ."

ಎಣ್ಣೆ ಎಷ್ಟು ಹೊತ್ತಿನಲ್ಲಿ ಇಳಿಯುತ್ತದೆಂದು ಮೇಸ್ತ್ರಿ ನನಗೆ ಹೇಳಿದ್ದಾನೆ. ಅದು ಎಂದೋ ಇಳಿದಿರುತ್ತದೆ. ನಾನು ಕಿಟಕಿಯಲ್ಲಿ ತಲೆ ತಗ್ಗಿಸಿ ಹೊಲಿಯುತ್ತೇನೆ, ಬಾಯಿ ಬಿಡುವುದಿಲ್ಲ.