ಹಾಲು ಕೊಡುವ ಹಾಸಿಗೆ

ತುಮಕೂರಿನ ಶಿರಾ ಗೇಟ್ ಹತ್ತಿರ ನಯಾಜ್ ಅಹಮದರದ್ದು ಟೈಪಿಂಗ್ ಅಂಗಡಿ. ಬ್ಯಾಂಕ್ ಸಾಲ ಕೇಳುವವರಿಗೆ ಪ್ರಾಜೆಕ್ಟ್ ರಿಪೋರ್ಟ್ ಮಾಡಿಕೊಡುತ್ತಿದ್ದರು. ಬರುವವರಲ್ಲಿ ಮುಕ್ಕಾಲು ಪಾಲು ಎಮ್ಮೆ ಕಟ್ಟುವವರೇ. ಹಾಗಾಗಿ ಎಮ್ಮೆಯ ರಿಪೋರ್ಟು ಅವರ ಬೆರಳಿಗೇ ಬಾಯಿಪಾಠವಾಗಿತ್ತು. ಬೇರೆ ಕಸುಬಿನವರು ಬಂದರೆ ಎಮ್ಮೆ ಇದ್ದ ಕಡೆ ಅವರ ಸಾಮಾನಿನ ಹೆಸರು ಹಾಕಿ, ಹಾಲಿನ ಸಾಲು ತೆಗೆದರೆ ಮುಗಿಯಿತು.

1998ರಲ್ಲಿ ಕುಣಿಗಲ್‌ನಿಂದ ಖುರ್ಷಿದಾ ಬೇಗಂ ಬಂದರು. ಮನೆಯಲ್ಲೇ ಹಾಸಿಗೆ ಹೊಲಿಯುತ್ತಿದ್ದ ಆಕೆಗೆ ಹತ್ತಿ ಹಿಂಜುವ ಮಷೀನ್ ಬೇಕಿತ್ತು. ಓದು ಬರುತ್ತಿದ್ದದ್ದು ಉರ್ದು ಮಾತ್ರ. ಮದುವೆ ಊಟಕ್ಕೆ ಹೊರಡುವ ಅವಸರದಲ್ಲಿದ್ದ ನಯಾಜರು ಹಾಲು ತೆಗೆಯುವುದನ್ನೇ ಮರೆತರು.

ಕುಣಿಗಲ್ಲಿನ ಬ್ಯಾಂಕ್ ಮ್ಯಾನೇಜರ್ ಗಂಗಾಧರ್ ಓದಿ ಕನ್ನಡಕ ತೆಗೆದರು.

"ಏನಮ್ಮ, ನಿಮ್ಮ ಒಂದೊಂದು ಹಾಸಿಗೇನೂ ದಿನಕ್ಕೆ ಎಂಟು ಲೀಟರ್ ಹಾಲು ಕೊಡುತ್ತಂತೆ? ವರ್ಷಕ್ಕೊಂದು ಕರು ಬೇರೆ ಹಾಕುತ್ತಂತೆ!"

ಖುರ್ಷಿದಾ ರಿಪೋರ್ಟನ್ನು ಪಕ್ಕಕ್ಕೆ ಸರಿಸಿದರು. "ಸಾರ್, ಅದನ್ನ ಬರೆದವರನ್ನ ಕೇಳಿ. ಹಾಸಿಗೆ ವಿಷಯ ನನ್ನ ಕೇಳಿ," ಎಂದು ನಿಂತಲ್ಲೇ ಶುರುಮಾಡಿದರು. ಕೈಯಲ್ಲಿ ಹಿಂಜಿದರೆ ವಾರಕ್ಕೆ ಮೂರೇ ಹಾಸಿಗೆ. ಮದುವೆ ಸೀಸನ್‌ನಲ್ಲಿ ಗಿರಾಕಿಗಳನ್ನು ವಾಪಸ್ ಕಳಿಸಬೇಕು. ಮಳೆಗಾಲದಲ್ಲಿ ಹತ್ತಿ ಒಣಗಲ್ಲ, ಆಗ ಹಳೇ ಹಾಸಿಗೆ ರಿಪೇರಿಯೇ ಗತಿ. ಮಷೀನ್ ಬಂದರೆ ಹಾಸ್ಟೆಲ್ ಆರ್ಡರ್‌ಗೂ ಕೈ ಹಾಕಬಹುದು.

"ಇದನ್ನೇ ಬರೆಸ್ಕೊಂಡು ಬನ್ನಿ," ಎಂದರು ಗಂಗಾಧರ್.

ಮಾರನೇ ದಿನವೇ ಆಕೆ ಬಸ್ ಹತ್ತಿ ಬಂದು ನಯಾಜರ ಎದುರು ಕೂತರು. "ನಯಾಜ್ ಭಾಯ್, ಮೊದಲು ನಿಮ್ಮ ಎಮ್ಮೇನ ಹೊರಗೆ ಕಟ್ಟಿ ಬನ್ನಿ. ಆಮೇಲೆ ನಾನು ಹೇಳಿದ್ದನ್ನ ಬರೀರಿ."

ನಾಚಿಕೆಯಿಂದ ಕಿವಿ ಕೆಂಪಾದ ನಯಾಜರು ಬರೆಯುತ್ತಾ ಹೋದರು. ನಡುವೆ ಅವರಿಗೇ ಒಂದು ಅನುಮಾನ ಹುಟ್ಟಿತು. "ಮಷೀನ್ ಕೆಟ್ಟರೆ ಯಾರು ರಿಪೇರಿ ಮಾಡ್ತಾರೆ ಆಪಾ?" ಆಕೆಗೆ ಗೊತ್ತಿರಲಿಲ್ಲ. ಇಬ್ಬರೂ ಹೋಗಿ ಮೆಕ್ಯಾನಿಕ್ ಒಬ್ಬನನ್ನು ಹುಡುಕಿ, ಅವನ ಹೆಸರನ್ನೂ ಸೇರಿಸಿದರು. ಸಾಲ ಸಿಕ್ಕಿತು, ಮಷೀನೂ ಬಂತು.

ಅಲ್ಲಿಂದ ನಯಾಜರಿಗೆ ಪ್ರಶ್ನೆ ಕೇಳುವ ರುಚಿ ಹತ್ತಿತು. ಯಾರೇ ಬಂದರೂ ಒಂದು ಗಂಟೆ ವಿಚಾರಣೆ. "ಹೆಣ್ಣು ಕೇಳೋಕೆ ಹೋದಾಗ್ಲೂ ನನ್ನ ಇಷ್ಟು ಕೇಳಿರ್ಲಿಲ್ಲ," ಎಂದು ಗೊಣಗಿ ಕೆಲವರು ಎದುರಂಗಡಿಗೆ ಹೋದರು.

2003ರಲ್ಲಿ ಗುಬ್ಬಿಯ ದ್ಯಾವಪ್ಪ ಬಂದ. ಮಾರ್ಕೋನಹಳ್ಳಿ ಡ್ಯಾಂ ಹತ್ತಿರ ಐಸ್‌ಕ್ರೀಂ ಅಂಗಡಿ ಇಡಬೇಕಂತೆ.

"ಜನ ಯಾವಾಗ ಬರ್ತಾರೆ?"

"ಡ್ಯಾಂ ತುಂಬಿದಾಗ."

"ಅಂದ್ರೆ ಮಳೆ ಹಿಡಿದಾಗ. ಆಗ ಐಸ್‌ಕ್ರೀಂ ಯಾರು ತಿಂತಾರೆ?"

ನಯಾಜರು ಅಷ್ಟಕ್ಕೇ ಬಿಡಲಿಲ್ಲ.

"ಅಂಗಡಿಗೆ ಕರೆಂಟ್ ಎಲ್ಲಿಂದ ಎಳೀತೀಯ?"

ದ್ಯಾವಪ್ಪ ಎದ್ದು ನಿಂತ. "ಬುಡಿ ಸಾಬ್ರೆ, ಉಳಿಸ್ಬುಟ್ರಿ ನನ್ನ," ಎಂದು ಕೈ ಮುಗಿದು ನಗುತ್ತಾ ಗುಬ್ಬಿ ಬಸ್ ಹತ್ತಿದ.

ನಯಾಜರು ಮನೆಗೆ ಬಂದು ಹೆಮ್ಮೆಯಿಂದ ಹೇಳಿಕೊಂಡರು. ಹೆಂಡತಿ ಆಸ್ಮಾ ಕೇಳಿದಳು, "ಫೀಸು?"

"ರಿಪೋರ್ಟೇ ಬರೀಲಿಲ್ಲವಲ್ಲ!"

"ಇನ್ನೇನು, ಅವನ ಬಸ್ ಚಾರ್ಜೂ ನೀವೇ ಕೊಟ್ರಾ?"

"ಛೇ, ಬರೀ ಟೀ ಕುಡಿಸಿದೆ," ಎಂದ ನಯಾಜರು ಬೇಗ ಬೇಗ ಕೈಕಾಲು ತೊಳೆಯಲು ಎದ್ದರು.