ಅಂಕ ಮುಚ್ಚಿಡದವರ ಮನೆ

ಹೇಳಿಕೊಳ್ಳಲು ನಾಚಿಕೆಯಾಗುವಂಥ ಒಂದು ಚಟ ನನಗಿದೆ: ಇನ್ನೊಬ್ಬರ ಮಕ್ಕಳಿಗೆ ಎಷ್ಟು ಅಂಕ ಬಂತೆಂದು ಕೇಳುವುದು. ಇಲ್ಲಿ ಟೊರಾಂಟೊ ಪಕ್ಕದ ಥಾರ್ನ್‌ಹಿಲ್‌ನಲ್ಲಿ ಯಾರ ಮನೆಗೆ ಊಟಕ್ಕೆ ಹೋದರೂ, ಕೋಟು ಕಳಚಿ ಅವರ ಮಂಚದ ಮೇಲೆ ಹಾಕಿ ಬರುವಷ್ಟರಲ್ಲಿ ನನ್ನ ನಾಲಗೆ ತುರಿಸತೊಡಗುತ್ತದೆ. "ಯಾವ ಗ್ರೇಡ್‌ನ್ಯಾಗ ಅದೀಯವಾ? ಮ್ಯಾಥ್ಸ್‌ನ್ಯಾಗ ಎಷ್ಟು ಬಿದ್ದಾವ?" ಮಗು ತೊಂಬತ್ತೆರಡು ಎಂದರೆ, ಉಳಿದ ಎಂಟು ಎಲ್ಲಿ ಹೋದವು ಎಂದು ಕೇಳಿ ನಾನೊಬ್ಬನೇ ನಗುತ್ತೇನೆ. ಹೆಂಡತಿ ವಿಜಯಾ ಕಣ್ಣಲ್ಲೇ ಗದರುತ್ತಾಳೆ. ಧಾರವಾಡದಿಂದ ಬರುವಾಗ ಏನೇನೋ ಬಿಟ್ಟುಬಂದೆ, ಇದನ್ನು ಬಿಟ್ಟುಬರಲು ಮಾತ್ರ ಮರೆತೆ.

ನಮ್ಮ ಒಬ್ಬಳೇ ಮಗಳು ಅನಘಾ ಟೊರಾಂಟೊದಲ್ಲಿ ಕಾಲೇಜಿನ ಎರಡನೇ ವರ್ಷದಲ್ಲಿದ್ದಾಳೆ. ಹೋದ ಸೆಪ್ಟೆಂಬರಿನಲ್ಲಿ ಸೊರೊರಿಟಿಯೊಂದಕ್ಕೆ ಸೇರಿದೆ ಎಂದು ಸುದ್ದಿ ಕೊಟ್ಟಳು. ನನಗೆ ಗಾಬರಿಯಾಯಿತು. ಸೊರೊರಿಟಿಯ ಬಗ್ಗೆ ನನಗಿದ್ದ ಜ್ಞಾನವೆಲ್ಲ ಇಂಗ್ಲಿಷ್ ಸಿನಿಮಾದ್ದು, ಅಲ್ಲಿ ಹುಡುಗಿಯರು ಪುಸ್ತಕ ತೆರೆದದ್ದನ್ನು ನಾನು ಕಂಡಿರಲಿಲ್ಲ. ವಿಚಾರಿಸಿದಾಗ ತಿಳಿದದ್ದೇ ಬೇರೆ. ಇದು ಕಾಲೇಜಿನ ಹುಡುಗಿಯರು ಕಟ್ಟಿಕೊಂಡ ಸಂಘ, ಹೆಸರು ಮಾತ್ರ ಗ್ರೀಕ್ ಅಕ್ಷರಗಳಲ್ಲಿ. ಹೊಸದಾಗಿ ಸೇರಿದವಳಿಗೆ ಮೇಲಿನ ವರ್ಷದ ಒಬ್ಬಳನ್ನು ಅಕ್ಕನೆಂದು ಗೊತ್ತುಮಾಡುತ್ತಾರೆ. ಹತ್ತೊಂಬತ್ತನೇ ವಯಸ್ಸಿನಲ್ಲಿ ಮಗಳಿಗೆ ಅಕ್ಕ ಹುಟ್ಟಿದ್ದು ಕೇಳಿ ವಿಜಯಾ ನಕ್ಕಳು. ನನಗೆ ಮಾತ್ರ ಕುತೂಹಲ. ಈ ಅಕ್ಕ ಮಾಡುವುದೇನು? ಓದಿಸುತ್ತಾಳಂತೆ! ವಾರಕ್ಕೆ ಇಂತಿಷ್ಟು ಗಂಟೆ ಲೈಬ್ರರಿಯಲ್ಲಿ ಪಕ್ಕದಲ್ಲೇ ಕೂರಿಸಿಕೊಳ್ಳುತ್ತಾಳಂತೆ, ಫೋನು ಕಸಿದಿಟ್ಟು. ಎಂದೋ ಓದು ಮುಗಿಸಿ ನೌಕರಿ ಹಿಡಿದ ಹೆಂಗಸರೂ ಬಂದು ಇವರ ರೆಸ್ಯುಮೆ ತಿದ್ದಿ, ಸುಳ್ಳು ಇಂಟರ್ವ್ಯೂ ನಡೆಸಿ, ನಿಜದ್ದಕ್ಕೆ ಸಜ್ಜು ಮಾಡುತ್ತಾರಂತೆ.

ಫೆಬ್ರವರಿಯ ಒಂದು ಶನಿವಾರ ಅನಘಾ ತಾಯಿಗೆ ಫೋನು ಮಾಡಿದಳು. "ಅಮ್ಮಾ, ನಾಳೆ ಬರಾಕಾಗಲ್ಲ. ಈವ್ನಿಂಗ್ ಹೌಸ್‌ನ್ಯಾಗ ಒಂದ್ ಇವೆಂಟ್ ಐತಿ, ಮಾರ್ಕ್ಸ್ ಬಗ್ಗೆ. ಐ ಹ್ಯಾವ್ ಟು ಬಿ ದೇರ್." ಪಕ್ಕದಲ್ಲಿ ಕೂತಿದ್ದ ನನ್ನ ಕಿವಿ ನೆಟ್ಟಗಾಯಿತು. ಅಂಕದ ಕುರಿತು ನಡೆಯುವ ಕಾರ್ಯಕ್ರಮ ನನಗೆ ತಿಳಿದಂತೆ ಒಂದೇ ಬಗೆಯದು. ನಮ್ಮ ಕನ್ನಡ ಬಳಗದಲ್ಲಿ ಪ್ರತಿವರ್ಷ ಪ್ರತಿಭಾ ಪುರಸ್ಕಾರ ನಡೆಯುತ್ತದೆ, ತೊಂಬತ್ತು ದಾಟಿದ ಮಕ್ಕಳನ್ನು ವೇದಿಕೆಗೆ ಕರೆದು ಶಾಲು ಹೊದಿಸುತ್ತಾರೆ. ಅರವತ್ತು ಬಂದ ಮಕ್ಕಳು ಆ ದಿನ ಜ್ವರ ಬಂದು ಮಲಗಿರುತ್ತಾರೆ. ಮಗಳು ಸಂಕೋಚದಿಂದ ವಿಷಯ ಮುಚ್ಚಿಡುತ್ತಿದ್ದಾಳೆ ಎಂದುಕೊಂಡೆ. ಊರಿಗೆ ಹೋಗಿಬಂದ ಗೆಳೆಯ ಕೊಟ್ಟ ಧಾರವಾಡ ಪೇಡೆಯ ಡಬ್ಬಿ ಮನೆಯಲ್ಲಿತ್ತು. ಅಂಗಿಗೆ ಇಸ್ತ್ರಿ ಹಾಕಿದೆ.

"ಕರೀಲಾರದ ಹೋಗೂದು ಚಂದ ಅಲ್ಲರೀ," ಎಂದಳು ವಿಜಯಾ.

"ಮಗಳ ಸತ್ಕಾರಕ್ಕ ಕರೀಬೇಕೇನು? ಆಕಿ ಬೂಟು ಇಲ್ಲೇ ಬಿಟ್ಟಾಳ, ಕೊಡಾಕ ಬಂದ್ವಿ ಅನ್ನೂಣು."

ಮರುದಿನ ಸಂಜೆ ನಾವು ಹೋದ ಸಂಘದ ಹೌಸ್ ಒಂದು ಹಳೆಯ ಇಟ್ಟಿಗೆಯ ಮನೆ. ಬಾಗಿಲು ತೆರೆದವಳು ನೇಯೋಮಿ, ಹತ್ತಿರದ ಪಿಕರಿಂಗ್ ಊರಿನ ಹುಡುಗಿ, ಕೊನೆಯ ವರ್ಷದವಳು. ಅನಘಾಳ ಅಕ್ಕ ಇವಳೇ, ಆ ಮನೆಯವರ ಓದಿನ ಉಸ್ತುವಾರಿಯೂ ಇವಳದೇ. ನಮ್ಮನ್ನು ನೋಡಿ ತಬ್ಬಿಬ್ಬಾದರೂ, ಚಳಿಯಲ್ಲಿ ನಿಲ್ಲಿಸಬಾರದೆಂದು ಒಳಗೆ ಕರೆದಳು. ಹದಿನೈದಿಪ್ಪತ್ತು ಹುಡುಗಿಯರು ನೆಲದ ಮೇಲೆ ವೃತ್ತವಾಗಿ ಕೂತಿದ್ದರು. ಮಗಳ ಮುಖ ಬಿಳಿಚಿಕೊಂಡಿತು. ನಾನದನ್ನು ವಿನಯವೆಂದು ತಿಳಿದು, ಡಬ್ಬಿ ತೆರೆದು, ಒಬ್ಬೊಬ್ಬಳ ಕೈಗೂ ಪೇಡೆಯಿಟ್ಟು ಅಭಿನಂದಿಸುತ್ತ ಹೊರಟೆ.

ಮೊದಲನೆಯವಳು ಪೇಡೆ ತೆಗೆದುಕೊಂಡು, ತನಗೆ ಕೆಮಿಸ್ಟ್ರಿಯಲ್ಲಿ ನಲವತ್ತೊಂದು ಎಂದಳು. ತಮಾಷೆಯೆಂದು ನಕ್ಕೆ. ಎರಡನೆಯವಳಿಗೆ ಕಾಲೇಜಿನಿಂದ ಎಚ್ಚರಿಕೆಯ ಪತ್ರವೇ ಬಂದಿತ್ತಂತೆ. ಮೂರನೆಯವಳ ಹೊತ್ತಿಗೆ ನನ್ನ ಕೈ ನಿಂತಿತು.

ನೇಯೋಮಿ ನಮ್ಮಿಬ್ಬರನ್ನೂ ವೃತ್ತದಲ್ಲೇ ಕೂರಿಸಿಕೊಂಡು ಮೆಲ್ಲಗೆ ವಿವರಿಸಿದಳು. ಸೆಮಿಸ್ಟರಿಗೊಮ್ಮೆ ಈ ಕೂಟ. ಪ್ರತಿಯೊಬ್ಬಳೂ ತನ್ನ ಅತಿ ಕೆಟ್ಟ ಅಂಕವನ್ನು ಎಲ್ಲರೆದುರು ಹೇಳಬೇಕು. ಆ ವಿಷಯ ಬಲ್ಲವರು ಕೈಯೆತ್ತಬೇಕು, ಪರೀಕ್ಷೆ ಮುಗಿಯುವವರೆಗೆ ಅವಳಿಗೆ ಹೇಳಿಕೊಡಬೇಕು. ಒಳ್ಳೆಯ ಅಂಕದ ಮಾತು ಇಲ್ಲಿ ಬೇಡ, ಅದಕ್ಕೆ ಯಾರ ಸಹಾಯವೂ ಬೇಕಿಲ್ಲವಲ್ಲ. ತನಗೆ ನೌಕರಿ ಸಿಗಲೂ ಇದೇ ಉಪಯೋಗಕ್ಕೆ ಬಂತು ಎಂದಳು. ಮೊನ್ನೆ ಇನ್ಶೂರೆನ್ಸ್ ಕಂಪನಿಯೊಂದರ ಇಂಟರ್ವ್ಯೂನಲ್ಲಿ, ನೀನು ಸೋತ ಒಂದು ಸಂದರ್ಭ ಹೇಳು ಎಂದು ಕೇಳಿದರಂತೆ. ಮೂರು ವರ್ಷದಿಂದ ಅದನ್ನೇ ಹೇಳಿ ರೂಢಿಯಾದವಳು ಸಲೀಸಾಗಿ ಹೇಳಿದಳು, ಕೆಲಸ ಸಿಕ್ಕಿತು. ಈ ದೇಶಕ್ಕೆ ಬಂದ ಹೊಸದರಲ್ಲಿ ಇದೇ ಪ್ರಶ್ನೆಗೆ ನಾನು ಎದೆಯುಬ್ಬಿಸಿ, "ಸೋಲೇ ಕಂಡಿಲ್ಲ ಸರ್" ಎಂದಿದ್ದೆ. ಆ ಕೆಲಸ ಯಾಕೆ ಕೈತಪ್ಪಿತೆಂಬುದು ನನಗೆ ಹೊಳೆದದ್ದು ಆ ಸಂಜೆ.

ಸರದಿ ಅನಘಾಳಿಗೆ ಬಂತು. ನಾನು ಹೊರಗೆ ಹೋಗಲೆಂದು ಎದ್ದೆ. "ಇರ್ರಿ ಅಪ್ಪಾ, ಇಟ್ಸ್ ಓಕೆ," ಎಂದಳು. ಆಮೇಲೆ ನೆಲ ನೋಡುತ್ತ ಹೇಳಿದಳು: ಸ್ಟ್ಯಾಟಿಸ್ಟಿಕ್ಸ್, ಈ ಸೆಮಿಸ್ಟರಿನ ಮೊದಲ ಟೆಸ್ಟು, ಮೂವತ್ತೆಂಟು. ಹೋದ ವರ್ಷ ಫೇಲಾಗಿ ಈಗ ಎರಡನೇ ಸಲ ಕೂತದ್ದು. ಈ ಸಲವೂ ಹೋದರೆ ಕೋರ್ಸನ್ನೇ ಬಿಡಬೇಕು. ಹೋದ ವರ್ಷ ನಾನು ಕೇಳಿದಾಗಲೆಲ್ಲ ನನಗೆ ಸಿಕ್ಕ ಉತ್ತರ "ಎಲ್ಲಾ ಫೈನ್".

ಮೂರು ಕೈಗಳು ಮೇಲೆದ್ದವು. ನಾಲ್ಕನೆಯದು ಪೇಡೆ ಹಿಡಿದ ನನ್ನ ಕೈ, ಅರ್ಧಕ್ಕೇ ನಿಂತಿತ್ತು. ಓಕ್‌ವಿಲ್ ಕಡೆಯ ಕಾರ್ಖಾನೆಯೊಂದರಲ್ಲಿ ಕ್ವಾಲಿಟಿ ವಿಭಾಗದವನು ನಾನು. ದಿನವಿಡೀ ಮಾಡುವುದು ಸ್ಟ್ಯಾಟಿಸ್ಟಿಕ್ಸನ್ನೇ. ಮಗಳು ನನ್ನ ಕೈ ನೋಡಿದಳು, ನೋಡಿಯೂ ಇನ್ನೊಬ್ಬಳನ್ನು ಆರಿಸಿಕೊಂಡಳು. ನನಗೆ ನೋವಾಯಿತು, ಸುಳ್ಳೇಕೆ ಹೇಳಲಿ. ಆದರೆ ಕಾರಣ ಹುಡುಕಲು ದೂರ ಹೋಗಬೇಕಿರಲಿಲ್ಲ. ಅವಳು ಹೈಸ್ಕೂಲಿನಲ್ಲಿದ್ದಾಗ ಒಮ್ಮೆ ಲೆಕ್ಕ ಕೇಳಲು ಬಂದಿದ್ದಳು. "ಇಷ್ಟೂ ತಿಳೀಲಿಲ್ಲೇನು?" ಎಂದು ನಾನು ಶುರುಮಾಡಿದ ಪಾಠ ಅವಳ ಅಳುವಿನಲ್ಲಿ ಮುಗಿದಿತ್ತು. ಕಾರ್ಖಾನೆಯಲ್ಲಿ ಹೊಸಬರಿಗೆ ನಾನೇ ಹೇಳಿಕೊಡುತ್ತೇನೆ, ದೋಷ ಕಂಡರೆ ಬೈಯಬೇಡಿ, ಬೈದರೆ ನಾಳೆಯಿಂದ ದೋಷ ಮುಚ್ಚಿಡುತ್ತಾರೆ ಎಂದು. ಈ ಜ್ಞಾನವನ್ನು ನಾನು ಸೇಫ್ಟಿ ಬೂಟಿನ ಜೊತೆ ಲಾಕರಿನಲ್ಲೇ ಇಟ್ಟು ಮನೆಗೆ ಬರುತ್ತಿದ್ದೆ.

ವಿದ್ಯೆಯಲ್ಲಿ ಕಾಲುಭಾಗ ಗುರುವಿನಿಂದ, ಕಾಲುಭಾಗ ಸ್ವಂತ ಬುದ್ಧಿಯಿಂದ, ಕಾಲುಭಾಗ ಸಹಪಾಠಿಗಳಿಂದ, ಉಳಿದದ್ದು ಕಾಲಕ್ರಮದಲ್ಲಿ ಬರುತ್ತದೆ ಎಂದು ನಮ್ಮ ಹಿರಿಯರ ಮಾತಿದೆ. ನಾನು ಕಾಲೇಜು ಓದುವಾಗ ನಮ್ಮ ಹಾಸ್ಟೆಲಿನಲ್ಲಿ ಸಹಪಾಠಿಯ ಪಾಲನ್ನು ಯಾರೂ ತೆಗೆದುಕೊಳ್ಳಲಿಲ್ಲ. ತೆಗೆದುಕೊಳ್ಳಬೇಕಾದರೆ ತಿಳಿಯಲಿಲ್ಲ ಎಂದು ಬಾಯಿಬಿಡಬೇಕಿತ್ತು, ಮಾನದ ಪ್ರಶ್ನೆ. ಈ ಹುಡುಗಿಯರು ಆ ಪಾಲನ್ನು ವಸೂಲು ಮಾಡಲೆಂದೇ ಒಂದು ಮನೆ ಮಾಡಿಕೊಂಡಿದ್ದರು.

ವೃತ್ತದಲ್ಲಿ ಕೂತವರೆಲ್ಲ ಒಂದೊಂದು ಹೇಳಲೇಬೇಕು ಎಂದು ನೇಯೋಮಿ ನನ್ನತ್ತ ತಿರುಗಿದಳು. ನಗುತ್ತಲೇ ಕೇಳಿದಳು, ನಾನೂ ನಕ್ಕು ತಪ್ಪಿಸಿಕೊಳ್ಳಬಹುದಿತ್ತು. ಯಾಕೋ ತಪ್ಪಿಸಿಕೊಳ್ಳಲಿಲ್ಲ. "ಇಂಜಿನಿಯರಿಂಗ್ ಮ್ಯಾಥ್ಸ್, ಎರಡನೇ ಸೆಮಿಸ್ಟರ್. ನೂರಕ್ಕೆ ಇಪ್ಪತ್ತೆರಡು," ಎಂದೆ.

ವಿಜಯಾಳ ಕತ್ತು ಗಕ್ಕನೆ ತಿರುಗಿತು. "ಏನ್ರೀ ಇದು? ಮದುವಿ ಆಗಿ ಇಪ್ಪತ್ತಾರು ವರ್ಷದಾಗ ಒಮ್ಮೆನೂ ಹೇಳಿಲ್ಲಲ್ರೀ!"

ಹುಡುಗಿಯೊಬ್ಬಳು ಅಲ್ಲಿಯ ರೂಢಿಯಂತೆ ಮುಂದಿನ ಪ್ರಶ್ನೆ ಕೇಳಿದಳು: "ಆಗ ನಿಮಗೆ ಯಾರು ಹೇಳಿಕೊಟ್ಟರು ಅಂಕಲ್?"

"ಯಾರೂ ಇಲ್ಲ," ಎಂದೆ. "ಯಾರಿಗೂ ಗೊತ್ತೇ ಇರಲಿಲ್ಲ."

ಆ ಸಂಜೆ ಅನಘಾ ತಲೆಯೆತ್ತಿ ನನ್ನ ಮುಖ ನೋಡಿದ್ದು ಆಗಲೇ.

ಎರಡು ವಾರದ ಮೇಲೆ ಫೋನು ಬಂತು, ತಾಯಿಗಲ್ಲ, ನನಗೆ. "ಅಪ್ಪಾ, ಕ್ವಿಜ್ ರಿಸಲ್ಟ್ ಬಂತು. ಫಿಫ್ಟಿ ಥ್ರೀ." ನಾನು ಕೇಳಿರಲಿಲ್ಲ, ಅವಳೇ ಹೇಳಿದಳು. ಅಷ್ಟರಲ್ಲಿ ಬಾಯಿಗೆ ಬಂದ ಮಾತೊಂದನ್ನು ನುಂಗಿಕೊಂಡೆ, ಐವತ್ತೈದರ ವಯಸ್ಸಿಗೆ ಅದು ಸಣ್ಣ ಸಾಧನೆಯಲ್ಲ. "ಮುಂದಿನ ಚಾಪ್ಟರ್ ನಮ್ಮ ಹೌಸ್‌ನ್ಯಾಗ ಯಾರಿಗೂ ಬರಲ್ಲ," ಎಂದಳು. "ನಿಮಗ ಬರ್ತದಲ್ಲಾ?"

"ಬರ್ತದ. ಯಾವ್ಯಾವ್ದು ತಿಳೀಲಿಲ್ಲ, ಹೇಳವಾ," ಎಂದೆ.

ಅವಳು ಮೊದಲು ಒಂದನ್ನು ಮಾತ್ರ ಹೇಳಿ ನೋಡಿದಳು. ನಾನು ಬೈಯುವುದಿಲ್ಲವೆಂದು ಖಾತ್ರಿಯಾದ ಮೇಲೆ ಒಂದೊಂದಾಗಿ ಹೇಳತೊಡಗಿದಳು. ಪಟ್ಟಿ ಬಹಳ ಉದ್ದವಿತ್ತು. ಇಷ್ಟು ಸಂತೋಷದ ಸುದ್ದಿಯನ್ನು ನಾನು ಎಷ್ಟೋ ವರ್ಷಗಳಿಂದ ಕೇಳಿರಲಿಲ್ಲ.