ಪೆನ್ಸಿಲಿನಲ್ಲಿ ಬರೆದ ಆರು ದಿನಗಳು

ಮೊನ್ನೆ ಹಳೇ ಪೇಪರಿನವನಿಗೆ ಹಾಕಲೆಂದು ಅಟ್ಟದ ಮೇಲಿನ ಕಟ್ಟುಗಳನ್ನು ಇಳಿಸುತ್ತಿದ್ದಾಗ ಸುರುಳಿ ಸುತ್ತಿದ ಗ್ರಾಫ್ ಹಾಳೆಯೊಂದು ಕಾಲ ಮೇಲೆ ಬಿತ್ತು. ಬಿಚ್ಚಿ ನೋಡಿದರೆ ನಮ್ಮ ಇಟಲಿ ಪ್ರವಾಸದ ಚಾರ್ಟು. ರೋಮ್, ಫ್ಲಾರೆನ್ಸ್, ವೆನಿಸ್ ಎಲ್ಲ ನೀಲಿ ಮಸಿಯಲ್ಲಿ ಇನ್ನೂ ಹೊಸದರಂತಿವೆ. 'ಹಳ್ಳಿ' ಎಂದು ಪೆನ್ಸಿಲಿನಲ್ಲಿ ಬರೆದ ಸಾಲಿನಲ್ಲಿ ಮಾತ್ರ ರಬ್ಬರು ಉಜ್ಜಿ ಉಜ್ಜಿ ಹಾಳೆ ಹಪ್ಪಳದಷ್ಟು ತೆಳ್ಳಗಾಗಿದೆ. ಧೂಳಿಗೆ ಸೀನು ಬಂತು, ಹಿಂದೆಯೇ ಸುಸ್ತೂ ಬಂತು. ಅಲ್ಲೇ ಸ್ಟೂಲಿನ ಮೇಲೆ ಕುಳಿತೆ. ನೀವೂ ಸ್ವಲ್ಪ ಕೂತುಕೊಳ್ಳಿ, ಅವಸರದ ಮಾತಲ್ಲ ಇದು.

ನಾನು ಕೆ.ಆರ್. ಪುರದ ಕಡೆಯ ಒಂದು ಸರ್ಕಾರಿ ಕಾರ್ಖಾನೆಯ ಪ್ಲಾನಿಂಗ್ ವಿಭಾಗದಲ್ಲಿದ್ದವನು. ಮೂವತ್ತೊಂದು ವರ್ಷದಲ್ಲಿ ಒಂದು ಬೋಲ್ಟನ್ನೂ ತಯಾರಿಸಲಿಲ್ಲ. ಬೋಲ್ಟು ಯಾವ ದಿನ ತಯಾರಾಗಬೇಕೆಂದು ಗೆರೆ ಎಳೆದೆ, ಅಷ್ಟೇ. ನಮ್ಮಲ್ಲಿ ಒಂದು ಪದ್ಧತಿಯಿತ್ತು. ಅಲುಗಾಡಿಸಬಾರದ ಕೆಲಸಗಳನ್ನು ಮಸಿಯಲ್ಲಿ ಬರೆಯಬೇಕು, ಹಿಂದೆ ಮುಂದೆ ಸರಿಸಬಹುದಾದವನ್ನು ಪೆನ್ಸಿಲಿನಲ್ಲಿ. ದಿನ ಸಾಲದೆ ಬಂದಾಗಲೆಲ್ಲ ಪೆನ್ಸಿಲಿನ ಸಾಲಿನಿಂದ ಕತ್ತರಿಸಬೇಕು. ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರೆ. ನನ್ನದು ಕಲಿತ ಗುಣ, ಅದೂ ಹೋಗಲಿಲ್ಲ. ತಂಗಿಯ ಮದುವೆಗೂ ಚಾರ್ಟು ಹಾಕಿ ಛತ್ರದ ಗೋಡೆಗೆ ಅಂಟಿಸಿದ್ದೆ. ಪುರೋಹಿತರು ಅದನ್ನು ಮೇಲಿಂದ ಕೆಳಗೆ ಓದಿ, "ಎಲ್ಲಾ ಸರಿ ಸ್ವಾಮಿ, ನಾನು ಉಸಿರಾಡೋ ಟೈಮ್ ಎಲ್ಲಿ ಬರ್ದಿದೀರಿ?" ಎಂದು ಕೇಳಿದ್ದರು.

ಇಟಲಿಯ ಹುಚ್ಚು ಹತ್ತಿದ್ದು ತೊಂಬತ್ತರ ದಶಕದಲ್ಲಿ. ಕಾರ್ಖಾನೆಗೆ ಅಲ್ಲಿಂದ ದೊಡ್ಡದೊಂದು ಯಂತ್ರ ಬಂತು. ಅದನ್ನು ಜೋಡಿಸಲು ಬ್ರೂನೋ ಎಂಬ ಫಿಟ್ಟರೂ ಬಂದ. ನಮ್ಮ ಕಡೆಯ ಖಾರಕ್ಕೆ ಅವನ ಹೊಟ್ಟೆ ಒಗ್ಗದೆ, ಭಾನುವಾರಗಳಂದು ತಿಪ್ಪಸಂದ್ರದ ನಮ್ಮ ಮನೆಗೆ ಊಟಕ್ಕೆ ಬರತೊಡಗಿದ. ನನ್ನ ಹೆಂಡತಿ ನಾಗರತ್ನ ಅವನಿಗೆಂದೇ ಮೆಣಸಿನಕಾಯಿ ಹಾಕದೆ ಸಾರು ಮಾಡುತ್ತಿದ್ದಳು. ಉಂಡವನು ವರಾಂಡದ ಬೆತ್ತದ ಕುರ್ಚಿಯಲ್ಲಿ ಹಾಯಾಗಿ ಗೊರಕೆ ಹೊಡೆಯುತ್ತಿದ್ದ. ನನಗದು ಸೋಮಾರಿತನವಾಗಿ ಕಂಡರೆ ಅವಳಿಗೆ ಐಶ್ವರ್ಯವಾಗಿ ಕಾಣುತ್ತಿತ್ತು. ಊರಿಗೆ ಹೊರಡುವ ಮುಂಚೆ ಅವನೊಂದು ಫೋಟೋ ಕೊಟ್ಟ. ಗುಡ್ಡದ ಮೇಲೆ ಅವನ ಅಕ್ಕನ ಕಲ್ಲಿನ ಮನೆ, ಬಂದವರಿಗೆ ಎರಡು ಕೋಣೆ ಬಾಡಿಗೆಗೆ ಕೊಡುತ್ತಾಳಂತೆ. ಒಂದು ಕಿಟಕಿ ತೆರೆದಿತ್ತು, ಒಳಗೆ ಎತ್ತರದ ಮಂಚ ಕಾಣುತ್ತಿತ್ತು. ನಾಗರತ್ನ ಆ ಫೋಟೋವನ್ನು ಅಡುಗೆಮನೆಯ ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿದಳು.

ಅವಳ ದಿನ ಹೇಗಿತ್ತೆಂದು ಹೇಳದಿದ್ದರೆ ನಿಮಗೆ ಆ ಮಂಚದ ಬೆಲೆ ಗೊತ್ತಾಗುವುದಿಲ್ಲ. ಕಾರ್ಖಾನೆಯ ಬಸ್ಸು ಆರೂ ಹತ್ತಕ್ಕೆ ನಮ್ಮ ರಸ್ತೆಯ ಮೂಲೆಗೆ ಬರುತ್ತಿತ್ತು. ನಾನು ಅದನ್ನು ಹತ್ತಬೇಕಾದರೆ ಅವಳು ನಾಲ್ಕೂವರೆಗೆ ಏಳಬೇಕು. ನನ್ನ ಡಬ್ಬಿ, ಅಮ್ಮನ ಮಡಿ ಅಡುಗೆ, ಮಗಳ ಶಾಲೆ. ಭಾನುವಾರ ಬಸ್ಸಿರಲಿಲ್ಲ, ಆದರೆ ಅಮ್ಮನಿಗೆ ಐದಕ್ಕೇ ಕಾಫಿ ಬೇಕಿತ್ತು. ಮೂವತ್ತು ವರ್ಷ ಅವಳು ನಿದ್ದೆ ಮುಗಿಸಿ ಎದ್ದದ್ದೇ ಇಲ್ಲ.

ದೊಮ್ಮಲೂರಿನ ಮೇಲ್ಸೇತುವೆಯ ಕೆಲಸ ನಡೆಯುತ್ತಿದ್ದ ಕಾಲಕ್ಕೆ ನಾನು ನಿವೃತ್ತನಾದೆ. ಅಷ್ಟರಲ್ಲಿ ಅಮ್ಮ ತೀರಿಕೊಂಡಿದ್ದಳು, ಮಗಳು ಮದುವೆಯಾಗಿ ಬೆನ್ಸನ್ ಟೌನಿಗೆ ಹೋಗಿದ್ದಳು. ಇಟಲಿಗೆ ಹದಿನೈದು ದಿನ ಎಂದು ನಿಶ್ಚಯಿಸಿ ಹಾಳೆ ಹಾಸಿ ಕುಳಿತಾಗ ನಾಗರತ್ನ ಹತ್ತಿರ ಬಂದು ನಿಂತಳು.

"ದೊಡ್ಡ ಊರುಗಳ್ನ ನಿಮಗೆ ಬೇಕಾದ ಹಾಗೆ ಹಾಕ್ಕೊಳ್ಳಿ ರೀ. ನಂಗೆ ಬ್ರೂನೋ ಅಕ್ಕನ ಮನೇಲಿ ಆರು ದಿನ ಕೊಡಿ. ಯಾರೂ ಎಬ್ಬಿಸ್ಬಾರ್ದು, ಅಷ್ಟೇ."

ಒಂಬತ್ತು ದಿನ ಪಟ್ಟಣಗಳಿಗೆ, ಆರು ದಿನ ಹಳ್ಳಿಗೆ. ನ್ಯಾಯವಾಗಿಯೇ ಇತ್ತು, ಒಪ್ಪಿದೆ. ಹಳ್ಳಿಯ ಸಾಲು ಬರೆಯುವಾಗ ಕೈ ತಾನಾಗಿಯೇ ಪೆನ್ಸಿಲನ್ನು ಎತ್ತಿಕೊಂಡಿತು ಎಂದರೆ ನೀವು ನಂಬಬೇಕು.

ರೋಮಿಗೆ ಮೂರು ದಿನ ಏನೇನೂ ಸಾಲದು ಅನ್ನಿಸಿತು. ಹಳ್ಳಿ ಐದಾಯಿತು. ಹಲಸೂರಿನ ಟ್ರಾವೆಲ್ಸಿನಲ್ಲಿ ಟಿಕೆಟ್ ನೋಡುತ್ತಿದ್ದ ಸೆಲ್ವಿ ಎಂಬಾಕೆ ನನ್ನ ಚಾರ್ಟು ನೋಡಿ ನಕ್ಕೇಬಿಟ್ಟಳು. "ಏನ್ ಸಾರ್, ಅಷ್ಟ್ ದೂರ ಹೋಗಿ ಹಳ್ಳೀಲಿ ಮಲಗಕ್ಕಾ? ಅದಕ್ಕೆ ಹೊಸಕೋಟೆ ಸಾಕಲ್ವಾ? ಪೀಸಾ ಹಾಕ್ಕೊಳ್ಳಿ ಸಾರ್, ಆ ಗೋಪುರದ್ ಫೋಟೋ ಇಲ್ದಿದ್ರೆ ನೀವ್ ಇಟಲಿಗ್ ಹೋಗಿದ್ದೇ ಯಾರೂ ನಂಬಲ್ಲ." ನಾಲ್ಕಾಯಿತು. ನಮ್ಮ ಯಂತ್ರ ಹುಟ್ಟಿದ ಕಾರ್ಖಾನೆ ಮಿಲಾನಿನ ಹತ್ತಿರವಿತ್ತು. ಅದರ ಗೇಟಿನ ಮುಂದೆಯಾದರೂ ನಿಂತು ಬರಬೇಕೆಂದು ನನಗೆ ಚಪಲ. ಅದಕ್ಕೆ ಎರಡು ದಿನ ಹೋಯಿತು. ಉಳಿದ ಎರಡರಲ್ಲಿ ಒಂದನ್ನು ವಿಮಾನದವರು ತಾರೀಖು ಬದಲಿಸಿ ತಿಂದರು. ಮೊದಮೊದಲು ನಾಗರತ್ನ "ಈಗೆಷ್ಟ್ ಉಳೀತು?" ಎಂದು ಅಡುಗೆಮನೆಯಿಂದಲೇ ಕೇಳುತ್ತಿದ್ದಳು. ಆಮೇಲೆ ಕೇಳುವುದನ್ನು ಬಿಟ್ಟಳು. ಮೌನಂ ಸಮ್ಮತಿ ಲಕ್ಷಣಂ ಅಂದುಕೊಂಡೆ. ನನಗೆ ಅನುಕೂಲವಾದಾಗ ಸಂಸ್ಕೃತ ಚೆನ್ನಾಗಿ ನೆನಪಿಗೆ ಬರುತ್ತದೆ.

ಇಟಲಿಯಲ್ಲಿ ದಿನವೂ ಕತ್ತಲಿರುವಾಗಲೇ ಅವಳನ್ನು ಎಬ್ಬಿಸಿದೆ. ಎಷ್ಟು ಚರ್ಚು, ಎಷ್ಟು ಮೆಟ್ಟಿಲು, ಎಷ್ಟು ಕ್ಯೂ! ಗೋಪುರದ ಫೋಟೋದಲ್ಲಿ ಅವಳು ಗೋಪುರಕ್ಕಿಂತ ಹೆಚ್ಚು ವಾಲಿದ್ದಾಳೆ. ಹನ್ನೊಂದನೆಯ ದಿನ ಬೆಳಿಗ್ಗೆ ಗುಡ್ಡದ ಮೇಲಿನ ಆ ಮನೆ ತಲುಪಿದೆವು. ಬ್ರೂನೋ ಕೆಲಸದ ಮೇಲೆ ಬೇರೆ ದೇಶಕ್ಕೆ ಹೋಗಿದ್ದ. ಅವನ ಅಕ್ಕ, ದಪ್ಪನೆಯ ಮುದುಕಿ, ಕೋಣೆ ತೋರಿಸಿದಳು. ನಾಗರತ್ನ ಮಂಚದ ಮೇಲೆ ಕುಳಿತವಳು ಹಾಗೇ ಒರಗಿದಳು. ಮಧ್ಯಾಹ್ನದ ಊಟಕ್ಕೆ ಏಳಲಿಲ್ಲ, ಸಂಜೆಯೂ ಏಳಲಿಲ್ಲ. ಕರೆಯಲು ಹೋದ ನನ್ನನ್ನು ಮುದುಕಿ ತುಟಿಯ ಮೇಲೆ ಬೆರಳಿಟ್ಟು ಆಚೆ ಅಟ್ಟಿದಳು. ನಾನು ಅಂಗಳದಲ್ಲಿ ಕುಳಿತು ಮಾರನೆಯ ದಿನದ ರೈಲಿನ ಸಮಯವನ್ನು ಮತ್ತೆ ಮತ್ತೆ ಓದಿದೆ.

ಸ್ಟೇಷನ್ನಿಗೆ ಬಸ್ಸು ಬೆಳಿಗ್ಗೆ ಏಳೂ ನಲವತ್ತಕ್ಕೆ. ಆರೂವರೆಗೆ ಮಂಚದ ಬಳಿ ನಿಂತೆ. ಕಿಟಕಿಯಿಂದ ಬಿಸಿಲು ಬಂದಿತ್ತು. ಕೆನ್ನೆಯ ಕೆಳಗೆ ಕೈಯಿಟ್ಟುಕೊಂಡು, ಬಾಯಿ ಸ್ವಲ್ಪ ತೆರೆದು ಮಲಗಿದ್ದಳು. ಅವಳು ನಿದ್ದೆ ಮಾಡುವುದನ್ನು ನಾನು ಬೆಳಗಿನ ಬೆಳಕಿನಲ್ಲಿ ನೋಡಿದ್ದು ಅದೇ ಮೊದಲು. ಬಾಗಿಲಲ್ಲಿ ನಿಂತ ಮುದುಕಿ ಎರಡು ಬೆರಳೆತ್ತಿ ಏನೋ ಹೇಳಿದಳು. ಇನ್ನೆರಡು ದಿನ ಇರಿ ಎಂಬುದು ನನಗೆ ಚೆನ್ನಾಗಿಯೇ ಅರ್ಥವಾಯಿತು. ಆದರೆ ವೆನಿಸ್ ಮಸಿಯಲ್ಲಿತ್ತು. ಭುಜ ಅಲುಗಿಸಿ, "ಏಳೇ, ಬಸ್ಸು ಬಂದ್ಬಿಡುತ್ತೆ" ಎಂದೆ.

ಅವಳು ಧಡಕ್ಕನೆ ಎದ್ದು ಕುಳಿತಳು. "ಎರಡೇ ನಿಮಿಷ ರೀ, ಡಬ್ಬಿ ಕಟ್ಬಿಡ್ತೀನಿ!"

ಆಮೇಲೆ ಕಿಟಕಿಯ ಕಡೆ ನೋಡಿದಳು, ನನ್ನನ್ನು ನೋಡಿದಳು. ಮಂಚದಿಂದ ಇಳಿದು, ಜಡೆ ಕಟ್ಟಿಕೊಂಡು, ಹೊದಿಕೆಯನ್ನು ಮಡಿಸಿಟ್ಟಳು. ವೆನಿಸ್ಸಿನಲ್ಲಿ ಏನು ನೋಡಿದೆನೋ ನನಗೆ ಈಗ ನೆನಪಿಲ್ಲ. ಆ ಎರಡು ನಿಮಿಷ ಮಾತ್ರ ಇವತ್ತಿಗೂ ಎದೆಯಲ್ಲಿ ಕೂತಿದೆ, ನಾಚಿಕೆಯಾಗುತ್ತದೆ.

ಮೊನ್ನೆ ಸ್ಟೂಲಿನಿಂದ ಎದ್ದು ಅಡುಗೆಮನೆಗೆ ಹೋದೆ. ಅವಳು ಹುರುಳಿಕಾಯಿಯ ನಾರು ತೆಗೆಯುತ್ತಿದ್ದಳು. ನಾನು ಪಕ್ಕದಲ್ಲಿ ಕುಳಿತು, ಇಷ್ಟು ವರ್ಷ ಹೇಳದೇ ಇದ್ದುದನ್ನು ಹೇಳಿದೆ.

"ಆವತ್ತು ನಿನ್ನ ಎಬ್ಬಿಸ್ಬಾರದಾಗಿತ್ತು ಕಣೇ. ತಪ್ಪಾಯ್ತು."

ಯಾವತ್ತು ಎಂದು ಅವಳು ಕೇಳಲಿಲ್ಲ.

"ಇನ್ನೊಂದ್ಸಲ ಹೋಗೋಣ. ಬೇರೆ ಯಾವ ಊರೂ ಬೇಡ, ಹದಿನೈದು ದಿನಾನೂ ಅಲ್ಲೇ ಇರೋಣ."

ಅವಳು ಕೈಯಲ್ಲಿದ್ದ ಕಾಯಿಯ ನಾರನ್ನು ಕೊನೆಯವರೆಗೂ ಎಳೆದಳು. ಕೋಪವೇನೂ ಇರಲಿಲ್ಲ ಮುಖದಲ್ಲಿ.

"ಬೇಡ ರೀ. ಆವಾಗ ನಿದ್ದೆ ಬರ್ತಿತ್ತು."